ನಾಗಮ್ಮ ಗಾಮಾ ಆದ ಪ್ರಸಂಗ

ತಪ್ಪು ತೋರಿಸುವವರ ಬಗ್ಗೆ ನನಗೆ ಮೊದಲಿನಿಂದಲೂ ಒಂದು ಬಗೆಯ ಸಹನೆಯಿದೆ. ಸಹನೆ ಅನ್ನುವುದಕ್ಕಿಂತ ಅಭ್ಯಾಸ ಎಂದರೆ ಸರಿಯಾದೀತು. ಮದುವೆಯಾಗಿ ತಿ. ನರಸೀಪುರದ ಮನೆಗೆ ಬಂದ ಹೊಸತರಲ್ಲಿ ನಾನು ರಂಗೋಲಿ ಇಟ್ಟರೆ ಚುಕ್ಕಿ ಹೆಚ್ಚು, ಸಾರು ಮಾಡಿದರೆ ಹುಳಿ ಕಡಿಮೆ, ಬಟ್ಟೆ ಒಣಹಾಕಿದರೆ ಸೀರೆಯ ಅಂಚು ತಲೆಕೆಳಗು. ನಮ್ಮ ಅತ್ತೆಯವರು ಒಂದನ್ನೂ ಬಿಡುತ್ತಿರಲಿಲ್ಲ. ಆದರೆ ಅವರಲ್ಲೊಂದು ನ್ಯಾಯವಿತ್ತು. ತಪ್ಪೇನೆಂದು ಬಾಯಿಬಿಟ್ಟು ಹೇಳುತ್ತಿದ್ದರು, ನಾನೂ ಬಾಯಿಬಿಟ್ಟು ಉತ್ತರ ಕೊಡುತ್ತಿದ್ದೆ, ಸಂಜೆಯ ಹೊತ್ತಿಗೆ ಇಬ್ಬರೂ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದೆವು. ಒಂದು ಮಾತೂ ಆಡದೆ, ಬರೆದ ಹೆಸರಿನ ಕೆಳಗೆ ಕೆಂಪು ಗೆರೆ ಎಳೆದು, ನನ್ನ ಮುಖವನ್ನೇ ನೋಡುತ್ತಾ ಕೂರುವ ಟೀಕಾಕಾರ ನನಗೆ ಸಿಕ್ಕಿದ್ದು ತಡವಾಗಿ, ನಂಜನಗೂಡಿನ ಒಂದು ಅಕ್ಕಿ ಗಿರಣಿಯ ಆಫೀಸಿನಲ್ಲಿ.

ಆ ಗಿರಣಿಗೆ ನಾನು ಗುಮಾಸ್ತೆಯಾಗಿ ಸೇರಿದ್ದು ತೊಂಬತ್ತರ ದಶಕದಲ್ಲಿ. ದಿನಾ ಬೆಳಿಗ್ಗೆ ನರಸೀಪುರದಲ್ಲಿ ಸುತ್ತೂರಿನ ಮೇಲೆ ಹೋಗುವ ಬಸ್ಸು ಹತ್ತಿ, ಸೀಟು ಸಿಕ್ಕಿದರೆ ನಿದ್ದೆ ಮಾಡಿಕೊಂಡು, ಸಿಗದಿದ್ದರೆ ಪಕ್ಕದವರ ಮನೆ ವಿಚಾರ ಕೇಳಿಕೊಂಡು ನಂಜನಗೂಡು ಸೇರುತ್ತಿದ್ದೆ. ಯಜಮಾನರು ಗುರುಮಲ್ಲಪ್ಪನವರು. ಹಣೆ ತುಂಬ ವಿಭೂತಿ, ಮೈ ತುಂಬ ತೌಡಿನ ಪುಡಿ, ಬಾಯಿ ತುಂಬ ಸಮಾಧಾನ. ಅವರು ಸಿಟ್ಟಾದದ್ದನ್ನು ನಾನು ಕಂಡಿಲ್ಲ. ಹೊಸ ವಸ್ತು ಕೊಂಡದ್ದನ್ನೂ ಕಂಡಿಲ್ಲ. ಊರಿನವರೆಲ್ಲ ಕಂಪ್ಯೂಟರ್ ಇಟ್ಟಾದ ಮೇಲೆ ಅವರೂ ಒಂದನ್ನು ಇಟ್ಟರು. ಬೀಗರ ಅಂಗಡಿಯಲ್ಲಿ ದುಡಿದು ಹಣ್ಣಾಗಿದ್ದ ಯಂತ್ರ ಅದು. ನನಗೆ ಟೈಪಿಂಗ್ ಬರುತ್ತಿತ್ತು ಎಂಬ ಒಂದೇ ಕಾರಣಕ್ಕೆ ಅದರ ಮುಂದಿನ ಕುರ್ಚಿ ನನ್ನ ಪಾಲಾಯಿತು. ಅಂದಿನಿಂದ ಪ್ರಮೀಳಾ ಎಂಬ ನನ್ನ ಹೆಸರು ಗಿರಣಿಯಲ್ಲಿ ಯಜಮಾನರನ್ನು ಬಿಟ್ಟು ಬೇರೆ ಯಾರ ಬಾಯಲ್ಲೂ ಬರಲಿಲ್ಲ. ಹಮಾಲರಿಂದ ಹಿಡಿದು ಭತ್ತ ತರುವ ರೈತರವರೆಗೆ ಎಲ್ಲರಿಗೂ ನಾನು 'ಕಂಪೂಟ್ರಮ್ಮ'.

ಆ ಯಂತ್ರದೊಳಗೆ ಚೌಕ ಚೌಕ ಮನೆಗಳ ಒಂದು ಹಾಳೆ ಬರುತ್ತಿತ್ತು. ಚೌಕಾಬಾರದ ಮಣೆಯನ್ನು ಊರಗಲ ಹಿಗ್ಗಿಸಿದ ಹಾಗೆ. ಮನೆಗೊಂದು ಹೆಸರು, ಪಕ್ಕದ ಮನೆಯಲ್ಲಿ ಊರು, ಅದರ ಪಕ್ಕ ಮೂಟೆ. ನಡುವೆ ಯಾರನ್ನಾದರೂ ಸೇರಿಸಬೇಕಾದರೆ ಹೆಸರಿನ ಮೇಲೆ ಬಾಣದ ಗುರುತು ಇಟ್ಟು ಮೌಸಿನ ಬಲಗಡೆಯ ಗುಂಡಿ ಒತ್ತುವುದು; ಒಂದು ಪಟ್ಟಿ ಬಿಚ್ಚಿಕೊಳ್ಳುತ್ತದೆ; ಅದರಲ್ಲೊಂದು ಕಡೆ ಒತ್ತಿದರೆ ಖಾಲಿ ಸಾಲು ಬಂದು ಕೂರುತ್ತದೆ. ಕೆಲವು ವರ್ಷಗಳಲ್ಲಿ ಇದು ನನಗೆ ಒಗ್ಗರಣೆ ಹಾಕುವಷ್ಟು ಸಲೀಸಾಯಿತು. ಒಗ್ಗರಣೆಗೆ ಸಾಸಿವೆ ಡಬ್ಬಿ ಎಲ್ಲಿದೆ ಎಂದು ಯಾರಾದರೂ ಕಣ್ಣಿಟ್ಟು ನೋಡುತ್ತಾರೆಯೆ? ಕೈ ತಾನಾಗಿ ಹೋಗುತ್ತದೆ. ಹಾಗೆಯೇ ನನ್ನ ಬೆರಳೂ ಗುಂಡಿ ಒತ್ತಿ, ಇಷ್ಟು ಕೆಳಗೆ ಜಾರಿ, ಮತ್ತೆ ಒತ್ತಿ, ಕೆಲಸ ಮುಗಿಸಿಬಿಡುತ್ತಿತ್ತು. ಕಣ್ಣಿಗೆ ಕಿಟಕಿಯಾಚೆ ಕಪಿಲೆಯ ಕಡೆಗೆ ಹೋಗುವ ಎತ್ತಿನ ಗಾಡಿಗಳನ್ನು ನೋಡಲು ಬಿಡುವಿರುತ್ತಿತ್ತು.

ಹೀಗಿರುವಾಗ ಕಂಪ್ಯೂಟರ್ ಸೆಂಟರಿನ ಸಂತೋಷ ಒಂದು ದಿನ ಬಂದು, ಹಳೇ ಪ್ರೋಗ್ರಾಮು ಯಾರದೋ ಕಾಪಿ, ಇಟ್ಟುಕೊಂಡರೆ ತೊಂದರೆ, ಬಿಟ್ಟಿಯಾಗಿ ಸಿಗುವ ಹೊಸದೊಂದಿದೆ ಎಂದ. ಬಿಟ್ಟಿ ಎಂಬ ಮಾತು ಯಜಮಾನರ ಕಿವಿಗೆ ಬಿದ್ದ ಮೇಲೆ ಮುಂದಿನದನ್ನು ಯಾರೂ ಕೇಳಬೇಕಾಗಿರಲಿಲ್ಲ. ಮಾರನೆಯ ದಿನ ನಾನು ಹಾಳೆ ತೆರೆದು ನೋಡುತ್ತೇನೆ, ನಂಜನಗೂಡು ತಾಲ್ಲೂಕಿನ ಸಮಸ್ತ ರೈತರ ಹೆಸರಿನ ಕೆಳಗೂ ಕೆಂಪು ಗೆರೆ! ಆಫೀಸಿನ ವ್ಯವಹಾರವೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ನಡೆಯುತ್ತಿತ್ತು. ಮಾದೇವಪ್ಪ ತಪ್ಪು, ಪುಟ್ಟಮಾದಯ್ಯ ತಪ್ಪು, ಹುಲ್ಲಹಳ್ಳಿ ತಪ್ಪು, ಚಿಕ್ಕಯ್ಯನಛತ್ರವಂತೂ ಈ ತುದಿಯಿಂದ ಆ ತುದಿಯವರೆಗೆ ತಪ್ಪು. ಗುರುಮಲ್ಲಪ್ಪ ಎಂಬಲ್ಲಿ ಗೆರೆ ಇನ್ನೂ ಕೊಂಚ ದಪ್ಪವಾಗಿದೆಯೇನೋ ಅನ್ನಿಸಿತು.

"ಏನಪ್ಪ ಇದು?" ಎಂದು ಸಂತೋಷನಿಗೆ ಫೋನು ಮಾಡಿದೆ.

"ಅದು ಸ್ಪೆಲ್ಲಿಂಗ್ ನೋಡೋದು ಮೇಡಂ. ತಪ್ಪಿದ್ರೆ ತೋರಿಸ್ತದೆ. ಒಳ್ಳೇದೇ ಕಣ್ರೀ, ಬಿಟ್ಬಿಡಿ."

"ನಮ್ಮ ಹೆಸರೆಲ್ಲ ತಪ್ಪು ಅಂತಿದೆಯಲ್ಲಪ್ಪ."

"ಅದು ಲಂಡನ್ ಕಡೇದು ಮೇಡಂ. ನಿಧಾನಕ್ಕೆ ಒಗ್ಗಿಕೊಳ್ತದೆ."

ಹೊಸ ಸೊಸೆಯ ಬಗ್ಗೆ ಹೇಳಿದ ಹಾಗೆ ಹೇಳಿ ಫೋನಿಟ್ಟ. ನಾನೂ ಬಿಟ್ಟುಬಿಟ್ಟೆ.

ಗುರುಮಲ್ಲಪ್ಪನವರು ವರ್ಷಕ್ಕೊಮ್ಮೆ ತಂದೆಯ ನೆನಪಿಗೆ ಗಿರಣಿಯ ಕಣದಲ್ಲಿ ಕಣ್ಣಿನ ಶಿಬಿರ ಮಾಡಿಸುತ್ತಿದ್ದರು. ಅವರು ಕೈ ಬಿಚ್ಚುತ್ತಿದ್ದ ಒಂದೇ ವಿಷಯ ಇದು. ಮೈಸೂರಿನ ಆಸ್ಪತ್ರೆಯೊಂದರ ವೈದ್ಯರು ಬಂದು ಸುತ್ತಲಿನ ಹಳ್ಳಿಗಳ ಮುದುಕ ಮುದುಕಿಯರ ಕಣ್ಣು ನೋಡಿ, ಪೊರೆ ಬಂದವರನ್ನು ಆರಿಸುವರು. ಒಂದು ವಾರದ ನಂತರ ಆಸ್ಪತ್ರೆಯ ಬಸ್ಸು ಬಂದು ಆರಿಸಿದವರನ್ನು ಆಪರೇಷನ್ನಿಗೆ ಕರೆದೊಯ್ಯುವುದು. ನಡುವೆ ನನ್ನ ಕೆಲಸವೆಂದರೆ ಹೆಸರುಗಳನ್ನು ಊರುವಾರು ಟೈಪು ಮಾಡಿ ಆಸ್ಪತ್ರೆಗೆ ಕಳಿಸುವುದು. ಆ ಹೆಸರಿನ ಮೇಲೆಯೇ ಅವರು ಫೈಲು ಮಾಡಿ, ಕೈಗೆ ಕಟ್ಟುವ ಚೀಟಿ ಬರೆದಿಟ್ಟುಕೊಳ್ಳುತ್ತಿದ್ದರು.

ಆ ವರ್ಷ ನಾನು ಟೈಪು ಮಾಡಿ ಮುಗಿಸಿದೆ ಅನ್ನುವಾಗ ಯಜಮಾನರು ಬಾಗಿಲಲ್ಲಿ ತಲೆ ಹಾಕುವರು. "ಪ್ರಮೀಳಮ್ಮ, ಹುಲ್ಲಹಳ್ಳಿಗೆ ಇನ್ನೊಬ್ರನ್ನ ಸೇರ್ಸಮ್ಮ." ನಾನು ಹುಲ್ಲಹಳ್ಳಿಯವರ ನಡುವೆ ಒಂದು ಹೆಸರಿನ ಮೇಲೆ ಬಲಗುಂಡಿ ಒತ್ತಿ ಕಿಟಕಿಯಾಚೆ ನೋಡುತ್ತಾ ಮತ್ತೊಂದು ಒತ್ತು ಒತ್ತುವೆನು. ಸಾಲು ಬರದು. ಯಂತ್ರಕ್ಕೆ ವಯಸ್ಸಾಯಿತು ಎಂದುಕೊಂಡು ಇನ್ನೊಂದು ಕಡೆ ಒತ್ತುವೆನು. ಹೀಗೆ ಅಲ್ಲಿ ಇಲ್ಲಿ ಒತ್ತಿ, ಕೊನೆಗೆ ಎಲ್ಲೋ ಒಂದು ಕಡೆ ಸಾಲು ಬರುತ್ತಿತ್ತು. ಅಷ್ಟರಲ್ಲಿ ಮತ್ತೆ ತಲೆ. "ಛತ್ರದ ಕಡೆಯೋರು ಒಬ್ರು ಬಿಟ್ಟೋಗಿದ್ರಂತೆ ಕಣಮ್ಮ." ಆಗ ಒಂದು ವಿಶೇಷ ನನ್ನ ಗಮನಕ್ಕೆ ಬಂತು. ಕೆಲವು ಹೆಸರುಗಳ ಕೆಳಗಿನ ಕೆಂಪು ಗೆರೆ ಮಾಯವಾಗಿತ್ತು! ನನಗೆ ಆದ ಹಿಗ್ಗು ಅಷ್ಟಿಷ್ಟಲ್ಲ. ಸಂತೋಷ ಹೇಳಿದ್ದು ನಿಜ, ಯಂತ್ರ ನಮ್ಮ ಕಡೆಯವರ ಹೆಸರು ಕಲಿಯುತ್ತಿದೆ ಅಂದುಕೊಂಡು, ಅದೇ ಖುಷಿಯಲ್ಲಿ ಪ್ರಿಂಟು ತೆಗೆದು ಯಜಮಾನರ ಸಹಿ ಹಾಕಿಸಿ ಕಳಿಸಿಬಿಟ್ಟೆ.

ಬಸ್ಸು ಬರುವ ದಿನ ಬೆಳಿಗ್ಗೆಯೇ ಕಣ ತುಂಬಿತ್ತು. ಕರೆಯುವ ಕೆಲಸ ಯಜಮಾನರ ಭಾವಮೈದ ಲೋಕೇಶನದು. ಮೈಕು ಕಂಡರೆ ಅವನಿಗೆ ಪ್ರಾಣ. ಕೈಗೆ ಕೊಟ್ಟ ಕಾಗದದಲ್ಲಿ ಏನಿದ್ದರೂ ತಡವರಿಸದೆ ಓದುವುದು ಅವನ ಹೆಚ್ಚುಗಾರಿಕೆ. ಅರ್ಥಕ್ಕೆ ಅವನು ಯಾವತ್ತೂ ಕಾದವನಲ್ಲ.

"ಹಲೋ, ಹಲೋ. ಐಸೋರ್ ಜಿಲ್ಲೆ, ನಂಜನಗೂಡು ತಾಲ್ಲೂಕು, ಉಚಿತ ಕಣ್ಣಿನ ಶಿಬಿರ..."

ಆಸ್ಪತ್ರೆಯಿಂದ ಬಂದಿದ್ದ ಸಿಸ್ಟರ್ ತಲೆಯೆತ್ತಿ ನೋಡಿದರು. ಮೈಸೂರಿನ ಇಂಗ್ಲಿಷ್ ಅಕ್ಷರಗಳನ್ನು ಯಂತ್ರ ತಿದ್ದಿ, 'ಕಣ್ಣಿಗೆ ಅಸಹ್ಯ' ಎಂಬ ಅರ್ಥದ ಪದ ಮಾಡಿತ್ತು. ಆಸ್ಪತ್ರೆಯವರು ಅದು ಯಾವುದೋ ಕಣ್ಣಿನ ಬೇನೆಯ ಹೆಸರಿರಬೇಕೆಂದು ಒಪ್ಪಿಕೊಂಡಿದ್ದರಂತೆ. ನಾನು ಕಂಬದ ಮರೆಗೆ ಸರಿದೆ. ಮೊದಲ ಕೆಲವು ಹೆಸರು ಸರಿಯಾಗಿಯೇ ಬಂದವು, ಅವರೆಲ್ಲ ಎದ್ದು ಕೈಹಿಡಿಸಿಕೊಂಡು ಬಸ್ಸು ಹತ್ತಿದರು. ಆಮೇಲೆ ಲೋಕೇಶ ಗಂಟಲು ಸರಿಮಾಡಿಕೊಂಡು, "ಗಾಮಾ! ಹುಲ್ಲಹಳ್ಳಿ ಗಾಮಾ!" ಎಂದ.

ಯಾರೂ ಏಳಲಿಲ್ಲ. ಯಾರೋ ಪೈಲ್ವಾನರಿರಬೇಕು ಎಂದು ಹಿಂದಿನಿಂದ ಒಬ್ಬರು ನಕ್ಕರು. ಮುಂದೆ, "ಸವಾನಾ! ಚಿಕ್ಕಯ್ಯನಛತ್ರ ಸವಾನಾ!" ಅದಕ್ಕೂ ಯಾರೂ ಇಲ್ಲ. ಒಬ್ಬ ಗೌಡರ ಹೆಸರು ಯಾವುದೋ ವಿದೇಶಿ ಚೀಸಿನ ಹೆಸರಾಗಿತ್ತು. ಕನ್ನಡದ ಬಾಯಲ್ಲಿ ಅದು ಗೌಡ ಎಂದೇ ಕೇಳಿದ್ದರಿಂದ ಅವರು ಪಾರಾಗಿ ಬಸ್ಸು ಹತ್ತಿಬಿಟ್ಟರು. ಮಿಕ್ಕವರ ಹೆಸರೆಲ್ಲ ಮುಗಿದ ಮೇಲೆ ಬೇವಿನ ಮರದ ಕೆಳಗೆ ಒಬ್ಬ ಮುದುಕಿ, ಮತ್ತೊಂದು ಬದಿಗೆ ಗಂಡ ಹೆಂಡತಿ, ಇಷ್ಟೇ ಜನ ಉಳಿದರು.

ಮುದುಕಿ ನಾಗಮ್ಮ, ಹುಲ್ಲಹಳ್ಳಿಯವಳು. ಹೋದ ವರ್ಷವೇ ಬಂದಿದ್ದಳು. ಸಕ್ಕರೆ ಕಾಯಿಲೆ ಜಾಸ್ತಿಯಿದೆ, ಇಳಿಸಿಕೊಂಡು ಬಾ ಎಂದು ಕಳಿಸಿದ್ದರು. ವರ್ಷವಿಡೀ ಬೆಲ್ಲದ ಕಾಫಿ ಬಿಟ್ಟು, ಇಳಿಸಿಕೊಂಡು ಬಂದಿದ್ದಳು. ನಾನು ಹತ್ತಿರ ಹೋಗಿ, "ಅಜ್ಜಿ, ನಿಮ್ಮ ಹೆಸರು ಇದರಲ್ಲಿ ಇಲ್ಲವಂತೆ" ಎಂದೆ. ಅವಳು ನನ್ನ ಧ್ವನಿ ಬಂದ ಕಡೆ ಮುಖ ತಿರುಗಿಸಿದಳು.

"ನಾನು ಇಲ್ಲೇ ಕುಂತಿವ್ನಿ. ಪೇಪರ್ ನೋಡಿ ಇಲ್ಲ ಅಂತೀಯಲ್ಲ ಕಣವ್ವ? ನಾನು ಇವ್ನಿ ಅಂತ ಪೇಪರ್ ಏಳ್ಬೇಕಾ?"

"ಹಾಗಲ್ಲ ಅಜ್ಜಿ..."

"ಓದೊರ್ಸ ಸಕ್ರೆ ಅಂದ್ರಿ, ಬುಟ್ಟೆ. ಈಗ ಎಸ್ರಿಲ್ಲ ಅಂತೀರಿ. ಅದ್ನೂ ಬುಡ್ಬೇಕಾ? ಮನೇಲಿ ಅಕ್ಕೀಲಿ ಕಲ್ಲಾರ್ಸಕ್ಕೆ ಕಣ್ಣು ಬೇಕು ಕಣವ್ವ. ನನ್ನ ಸೊಸೆ ಆರ್ಸುದ್ರೆ ಅಲ್ಲು ಓಯ್ತವೆ. ಈ ಮಿಲ್ಲಿನ್ ಅಕ್ಕಿ ನಿಂಗ್ ಗೊತ್ತಿಲ್ವಾ?"

ಯಜಮಾನರು ಪಕ್ಕದಲ್ಲೇ ನಿಂತಿದ್ದರು. ಕೆಮ್ಮಿ ಬೇರೆ ಕಡೆ ನೋಡಿದರು.

ಸಿಸ್ಟರ್ ತಮ್ಮ ಫೈಲು ತೆಗೆದು ನೋಡಿದರು. ಗಾಮಾ ಎಂಬ ಹೆಸರಿನ ಮುಂದೆ ಗಂಡನ ಹೆಸರು ನಾಗಮ್ಮನ ಗಂಡನದು, ಊರು ಅವಳದು, ಪೊರೆ ಬಂದ ಎಡಗಣ್ಣೂ ಅವಳದೇ. ಯಂತ್ರದ ಕಿತಾಪತಿ ಆಗ ಎಲ್ಲರಿಗೂ ತಿಳಿಯಿತು. ತಿಳಿದರೂ ಸಿಸ್ಟರ್ ಸುಲಭದವರಲ್ಲ. "ಮೇಡಂ, ಫೈಲು, ಕೈಚೀಟಿ, ಒಳಗೆ ಹಾಕೋ ಲೆನ್ಸು, ಎಲ್ಲ ಈ ಹೆಸರಲ್ಲಿ ರೆಡಿಯಾಗಿದೆ. ಹೆಸರು ತಪ್ಪಾಗಿದೆ ಅಂತ ಯಜಮಾನರು ಬರೆದು ಸಹಿ ಹಾಕಿಕೊಡಲಿ, ಕರೆದುಕೊಂಡು ಹೋಗ್ತೀನಿ. ಆದ್ರೆ ದೊಡ್ಡ ಡಾಕ್ಟರು ನೋಡಿ ತಿದ್ದೋವರೆಗೆ ಚೀಟಿಯಲ್ಲಿರೋ ಹೆಸರಲ್ಲೇ ಕೂಗೋದು. ಕೂಗಿದಾಗ ಇವರು ಓಗೊಡದಿದ್ರೆ ನನ್ನ ತಲೆಗೆ ಬರುತ್ತೆ. ಆಗಲ್ಲ ಅಂದ್ರೆ ಮುಂದಿನ ವರ್ಷ."

ಮುಂದಿನ ವರ್ಷ ಎಂದದ್ದೇ ನಾಗಮ್ಮ ಎದ್ದು ನಿಂತಳು. "ಅದೇನಂತೆ ಎಸ್ರು?"

"ಗಾಮಾ."

"ಗಾಮಾ," ಎಂದು ಬಾಯಲ್ಲಿ ಹಾಕಿ ನೋಡಿಕೊಂಡಳು. "ನಾ ಒಂದು ಬುಟ್ಟೋಯ್ತು, ಅಷ್ಟೇ ತಾನೆ? ನಮ್ಮಪ್ಪ ಇದ್ಕಿಂತ ಕೆಟ್ಟದಾಗಿ ಕೂಗ್ತಿದ್ದ. ನಡೀರಿ." ಸೀರೆ ಸೆರಗು ಸಿಕ್ಕಿಸಿಕೊಂಡು, ನನ್ನ ತೋಳು ಹಿಡಿದು, ಬಸ್ಸು ಹತ್ತಿ ಮುಂದಿನ ಸೀಟಿನಲ್ಲಿ ಕೂತುಬಿಟ್ಟಳು.

ಸಮಸ್ಯೆಯಾದದ್ದು ಸವಾನಾ ಅವರದು. ಅವರು ಚಿಕ್ಕಯ್ಯನಛತ್ರದ ಬಸವಣ್ಣನವರು. ಎರಡು ಕಣ್ಣಿಗೂ ಪೊರೆ. ಎದುರಿಗೆ ಬಂದದ್ದು ಎಮ್ಮೆಯೋ ಮೋಟಾರೋ ತಿಳಿಯದೆ ಆ ತಿಂಗಳಲ್ಲೇ ಒಮ್ಮೆ ನಾಲೆಯ ಅಂಚಿನಲ್ಲಿ ಜಾರಿ ಬಿದ್ದಿದ್ದರು. ಅವರನ್ನು ಗದ್ದೆಯ ಕಡೆ ಹೋಗದ ಹಾಗೆ ತಡೆಯುವುದೇ ಅವರ ಹೆಂಡತಿ ಗೌರಮ್ಮನಿಗೆ ದಿನದ ಕೆಲಸವಾಗಿತ್ತು. ಆದರೆ ವಿಷಯ ಕೇಳಿದ ಕೂಡಲೇ ಬಸವಣ್ಣನವರು ಹೆಗಲ ಟವೆಲ್ಲು ಕೊಡವಿ ನಿಂತರು.

"ನಮ್ ತಾತನ್ ಎಸ್ರು ಅದು. ಅದ್ಕೂ ಮುಂಚೆ ಯಾರ್ ಎಸ್ರು ಅಂತ ನಾನು ಏಳ್ಬೇಕಾ? ಯಾವ್ದೋ ಮಿಸೀನು ಕೂಗ್ತು ಅಂತ ನಾನು ಓ ಅನ್ಬೇಕಾ? ಕಣ್ಣಿಲ್ದಿದ್ರೂ ಪರ್ವಾಗಿಲ್ಲ ಕಣ್ರೀ. ಎಸ್ರು ಬುಡಕ್ಕಿಲ್ಲ."

ಯಜಮಾನರು ಸಮಾಧಾನ ಹೇಳಿದರು. ಒಂದು ದಿನದ ಮಟ್ಟಿಗೆ ಎಂದರು. ಬಸವಣ್ಣನವರು ಜಗ್ಗಲಿಲ್ಲ. ಲೋಕೇಶ ಮೈಕಿನಲ್ಲೇ ಸಮಾಧಾನ ಹೇಳಲು ಹೊರಟ, ಅವನ ಕೈಯಿಂದ ಮೈಕು ಕಿತ್ತುಕೊಳ್ಳಲಾಯಿತು. ನಾನು ಮುಂದೆ ಹೋಗಿ ಕ್ಷಮಿಸಿ ಅಂದೆ. ಯಂತ್ರ ಲಂಡನ್ ಕಡೆಯದು, ಅದಕ್ಕೆ ತಿಳಿಯುವುದಿಲ್ಲ ಅಂದೆ. "ಅದ್ಕೆ ತಿಳ್ಯಕಿಲ್ಲ ಸರಿ, ಮುಂದೆ ಕುಂತಿರೋರ್ಗೆ?" ಎಂದರು. ನ್ಯಾಯವಾದ ಪ್ರಶ್ನೆಯೇ. ಅತ್ತ ಡ್ರೈವರು ಹಾರನ್ ಮಾಡತೊಡಗಿದ. ಮನುಷ್ಯ ನಿಜವಾಗಿಯೂ ಮನೆಗೆ ಹೊರಟುಬಿಟ್ಟರು. ಹೊರಟವರು ದಾರಿ ಕಾಣದೆ ತೌಡಿನ ರಾಶಿಯ ಕಡೆ ನಡೆಯುತ್ತಿದ್ದರು. ಅಷ್ಟು ಹೊತ್ತೂ ಇದು ನಾಳೆ ಬಸ್ಸಿನಲ್ಲಿ ಹೇಳಿ ನಗಬಹುದಾದ ಸಂಗತಿ ಎಂದೇ ನಾನು ತಿಳಿದಿದ್ದೆ.

ಆಗ ಗೌರಮ್ಮ ಮಾತಾಡಿದಳು. ಅದುವರೆಗೆ ಆಕೆ ತಲೆಯ ಮೇಲಿನ ಸೆರಗು ತೆಗೆದಿರಲಿಲ್ಲ.

"ಇಲ್ಲಿ ಬನ್ನಿ ಇಲ್ಲಿ. ನಾನು ನಿಮ್ಮನೆಗೆ ಬಂದು ಎಷ್ಟೊರ್ಸ ಆಯ್ತು? ಒಂದಿನ ನಿಮ್ಮೆಸ್ರು ಇಡ್ದು ಕೂಗಿದ್ದೀನಾ?"

ಬಸವಣ್ಣನವರು ನಿಂತರು. ಕೂಗಿಲ್ಲ ಎಂಬಂತೆ ತಲೆಯಾಡಿಸಿದರು.

"ಇವ್ರೇ ಅಂದೆ, ಬಂದ್ರಿ. ಏನೂಂದ್ರೆ ಅಂದೆ, ಬಂದ್ರಿ. ಕೋಪ ಬಂದಾಗ ಚೊಂಬು ಕುಕ್ದೆ, ಅದ್ಕೂ ಬಂದ್ರಿ. ಚೊಂಬಿನ್ ಸದ್ದಿಗೆ ಓಗೊಟ್ಟೋರು ಆ ಸಿಸ್ಟರಮ್ಮ ಕೂಗುದ್ರೆ ಓಗೊಡಕ್ಕಿಲ್ವಾ? ನಾಲೇಗ್ ಬಿದ್ಮೇಲೆ ಯಾವ ಎಸ್ರಿಡ್ದು ಅಳ್ಲಿ ನಾನು?"

ಬಸವಣ್ಣನವರು ತೌಡಿನ ರಾಶಿಯ ಕಡೆಯಿಂದ ಹೆಂಡತಿಯ ಕಡೆ ತಿರುಗಿ, ಟವೆಲ್ಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡರು. "ನೀನೂ ಬಾ ಹಂಗಾದ್ರೆ," ಎಂದರು. "ಅವ್ರು ಕೂಗ್ದಾಗ ನೀನು ಚೊಂಬು ಕುಕ್ಕು. ನಾನು ಅದ್ಕೆ ಓ ಅಂತೀನಿ. ಆ ಎಸ್ರಿಗಲ್ಲ." ಹೀಗೆ ಮಧ್ಯಸ್ಥಿಕೆಯಾಗಿ, ಗಿರಣಿಯ ಅಡುಗೆಮನೆಯಿಂದ ಒಂದು ಸ್ಟೀಲಿನ ಚೊಂಬನ್ನೂ ಕೊಟ್ಟು, ಇಬ್ಬರನ್ನೂ ಬಸ್ಸು ಹತ್ತಿಸಿದೆವು.

ಆಪರೇಷನ್ನುಗಳು ಚೆನ್ನಾಗಿಯೇ ಆದವು. ಆಸ್ಪತ್ರೆಯ ವಾರ್ಡಿನಲ್ಲಿ ದೊಡ್ಡ ಡಾಕ್ಟರು ಬಂದು ಫೈಲು ತಿದ್ದುವವರೆಗೆ ಚೊಂಬಿನ ಸದ್ದು ಕೇಳುತ್ತಲೇ ಇತ್ತಂತೆ. ನಾಗಮ್ಮನಂತೂ ಹೊಸ ಹೆಸರಿಗೆ ಎಷ್ಟು ಹೊಂದಿಕೊಂಡಳೆಂದರೆ, ತಿದ್ದಿದ ಮೇಲೆ ನಾಗಮ್ಮ ಎಂದು ಕೂಗಿದರೆ ಸುಮ್ಮನೆ ಮಲಗಿರುತ್ತಿದ್ದಳಂತೆ. ಕೆಲವು ದಿನಗಳ ನಂತರ ಮರುಪರೀಕ್ಷೆಗೆ ಎಲ್ಲರೂ ಗಿರಣಿಗೆ ಬಂದರು. ಬಸವಣ್ಣನವರು ಒಂದು ಕಣ್ಣಿನಲ್ಲಿ ಆಗಲೇ ಗದ್ದೆ ನೋಡಿಕೊಂಡು ಬಂದಿದ್ದರು. ಪಕ್ಕದವನು ಬದು ಒತ್ತಿದ್ದಾನೆ ಎಂಬ ದೂರು ಜೊತೆಯಲ್ಲಿತ್ತು. ಆಸ್ಪತ್ರೆಯ ಫೈಲಿನಲ್ಲಿ ತಮ್ಮ ಹೆಸರು ಬಸವಣ್ಣ ಎಂದೇ ಇದೆಯೆ ಎಂದು ಸಿಸ್ಟರ್ ಬಳಿ ಎರಡೆರಡು ಸಲ ಓದಿಸಿ, ನನ್ನ ಕಡೆ ತಿರುಗಿ, "ಆಗ್ಲಿ ಬುಡವ್ವ" ಎಂದರು. ಅವರು ಚೊಂಬನ್ನು ವಾಪಸ್ಸು ಕೊಡಲಿಲ್ಲ, ನಾವೂ ಕೇಳಲಿಲ್ಲ.

ನಾಗಮ್ಮ ನೇರ ನನ್ನ ಮೇಜಿನ ಬಳಿಗೆ ಬಂದಳು. ಕಪ್ಪು ಕನ್ನಡಕ ಮೇಲೆತ್ತಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನೀನೇನಾ ಆ ಕಂಪೂಟ್ರಮ್ಮ? ದನಿ ಕೇಳಿ ಇನ್ನೂ ಚಿಕ್ಕುಡ್ಗಿ ಅನ್ಕಂಡಿದ್ದೆ."

ನಾನು ನಕ್ಕು, ಅವಳ ಔಷಧಿಯ ಚೀಟಿ ಓದಿ ಹೇಳಲೆಂದು ತೆಗೆದುಕೊಂಡೆ. ಅವಳು ಚೀಟಿಯನ್ನು ನೋಡಲಿಲ್ಲ, ಅದನ್ನು ಹಿಡಿದ ನನ್ನ ಕೈ ನೋಡಿದಳು.

"ಅಷ್ಟು ದೂರ ಯಾಕವ್ವ ಇಡ್ಕಂಡಿದ್ದೀಯೆ? ಅದೇನು ಕಚ್ತದಾ? ಲೇ ಸಿಸ್ಟರಮ್ಮ, ಇವ್ಳ ಕಣ್ಣೂ ಒಸಿ ನೋಡು."

ನನಗೆ ಏನೂ ಆಗಿಲ್ಲ ಎಂದೆ. ಸಿಸ್ಟರ್ ಅಷ್ಟರಲ್ಲಿ ಅಕ್ಷರದ ಹಲಗೆ ತಂದು ಮುಖದ ಮುಂದೆ ಹಿಡಿದರು. ಮೇಲಿನ ದಪ್ಪ ಸಾಲು ಓದಿದೆ, ಅದರ ಕೆಳಗಿನದನ್ನೂ ಓದಿದೆ. ಆಮೇಲಿನವು ಸಾಲುಸಾಲು ಇರುವೆ ಹೋದ ಹಾಗಿದ್ದವು. ನಲವತ್ತು ದಾಟಿದವರಿಗೆಲ್ಲ ಬರುವುದೇ, ಓದುವುದಕ್ಕೊಂದು ಕನ್ನಡಕ ಬೇಕು, ಇಷ್ಟು ವರ್ಷ ಹೇಗೆ ಕೆಲಸ ಮಾಡಿದಿರಿ ಎಂದು ಅವರು ಕೇಳಿದರು. ವರ್ಷವರ್ಷವೂ ಕಣ್ಣಿನ ಶಿಬಿರ ನಡೆಯುವ ಕಣದ ಪಕ್ಕದ ಕೋಣೆಯಲ್ಲೇ ಕೂತು ಮಾಡಿದೆ ಎಂದು ಹೇಳಲು ಬಾಯಿ ಬರಲಿಲ್ಲ. ಅಂದೇ ಆರಿಸಿ ಒಂದು ಕನ್ನಡಕ ಕೊಟ್ಟರು. ನಾಗಮ್ಮ, "ಈಗ ಚಂದಾಗಿ ಕಾಣ್ತೀಯೆ, ಟೀಚರಮ್ನಂಗೆ" ಎಂದು ಹರಸಿ ಹೋದಳು.

ಎಲ್ಲರೂ ಹೋದ ಮೇಲೆ ನಾನು ಕನ್ನಡಕ ಹಾಕಿಕೊಂಡು ಯಂತ್ರದ ಮುಂದೆ ಕೂತೆ. ಹಾಳೆ ತೆರೆದು ಒಂದು ಹೆಸರಿನ ಮೇಲೆ ಬಲಗುಂಡಿ ಒತ್ತಿದೆ. ಪಟ್ಟಿ ಬಿಚ್ಚಿಕೊಂಡಿತು. ಹಳೆಯದರಲ್ಲಿ 'ಸಾಲು ಸೇರಿಸು' ಎಂದಿರುತ್ತಿದ್ದ ಜಾಗದಲ್ಲಿ, ಕಪ್ಪಗೆ, ಸ್ಪಷ್ಟವಾಗಿ, ಒಂದರ ಕೆಳಗೊಂದು ಬೇರೆ ಬೇರೆ ಹೆಸರುಗಳು. ಇದಾಗಬಹುದೆ, ಇದು ಬೇಡವಾದರೆ ಇದಾಗಬಹುದೆ ಎಂದು ಯಂತ್ರ ಪಾಪ ಇಷ್ಟು ದಿನವೂ ನನ್ನನ್ನು ಮರ್ಯಾದೆಯಿಂದ ಕೇಳುತ್ತಲೇ ಇತ್ತು. ನಾನು ಎತ್ತಿನ ಗಾಡಿ ನೋಡುತ್ತಾ ಆಗಬಹುದು ಆಗಬಹುದು ಎಂದು ಒತ್ತುತ್ತಿದ್ದೆ. ಹೆಸರಿನ ಮೇಲೆ ಒತ್ತದೆ ಅಂಚಿನ ಸಾಲಿನ ಸಂಖ್ಯೆಯ ಮೇಲೆ ಒತ್ತಿದರೆ ಈ ಉಪಚಾರವೆಲ್ಲ ಇಲ್ಲದೆ ಸಾಲು ಬರುತ್ತದೆ ಎಂಬುದೂ ಆಗಲೇ ಕಣ್ಣಿಗೆ ಬಿತ್ತು.

ಬಾಗಿಲಲ್ಲಿ ಯಜಮಾನರ ತಲೆ ಕಾಣಿಸಿತು. ಇಡೀ ಗಲಾಟೆಗೆ ಸಂತೋಷನನ್ನು ಕರೆಸಿ ನಾಲ್ಕು ಮಾತು ಹೇಳಬೇಕೆಂದು ಅವರು ಹಟ ಹಿಡಿದಿದ್ದರು. ಅವನು ಸಂಜೆ ಬರುವುದಿತ್ತು.

"ಏನಮ್ಮ, ಕಂಪ್ಯೂಟರ್ ಸರಿಹೋಯ್ತಾ? ಆ ಹುಡುಗನ್ನ ಬರ್ಬೇಡ ಅನ್ಲಾ?"

ನಾನು ಕನ್ನಡಕವನ್ನು ಮೆಲ್ಲನೆ ತೆಗೆದು ಸೆರಗಿನಲ್ಲಿ ಒರೆಸಿದೆ.

"ಬೇಡ ಅನ್ನಿ ಸಾರ್," ಎಂದೆ. "ಸ್ವಲ್ಪ ರಿಪೇರಿ ಇತ್ತು, ಮಾಡಿಸಿಕೊಂಡೆ."